ಮೂರನೇ ಸಲ ಕೇಳದೆ ಹೋದ ವೆಂಡೆಲ್

ಬೆಮಿಜಿ, ಮಿನೆಸೋಟ
ಜನವರಿ ೧೯, ಗುರುವಾರ

ಪ್ರೀತಿಯ ಅರ್ವಿಡ್,

ಸೊಂಟದ ನೋವು ಹೇಗಿದೆ? ಆಸ್ಪತ್ರೆಯಲ್ಲಿ ನರ್ಸು ನಡೆ ಅಂದಾಗ ಹಟ ಮಾಡದೆ ನಡೆ. ಫೋನಿನಲ್ಲಿ ಎಷ್ಟು ಕೂಗಿದರೂ ನಿನಗೆ ಅರ್ಧ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಎಂದರೆ, ಇವತ್ತು ನನ್ನನ್ನು ಹಿಡಿಯುವವರಿಲ್ಲ.

ಬೆಳಿಗ್ಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿತ್ತು. ನಮ್ಮ ಚರ್ಚಿನ ಎಡ್ನಾಳ ಅಂತ್ಯಕ್ರಿಯೆ ಮುಗಿದ ಮೇಲೆ ಚರ್ಚಿನಲ್ಲಿ ಊಟ. ಓವನ್ನಿನಲ್ಲಿ ಬೇಯಿಸಿದ ಆಲೂಗೆಡ್ಡೆಯ ಹಾಟ್‌ಡಿಷ್ ಒಯ್ಯುವುದು ನನ್ನ ಪಾಲಿನದು. ಕಾರು ತೆಗೆಯಲು ಗರಾಜಿನ ಗುಂಡಿ ಒತ್ತಿದರೆ ಮೋಟಾರು ಗುಂಯ್ ಎಂದು ನರಳಿ ಸುಮ್ಮನಾಯಿತು, ಬಾಗಿಲು ಕದಲಲಿಲ್ಲ. ನನಗೆ ಹೆದರಿಕೆಯಾಯಿತು. ಹಾಟ್‌ಡಿಷ್‌ಗಾಗಿ ಅಲ್ಲ. "ಚಳೀಲಿ ಗರಾಜು ಬಾಗಿಲು ಕೈಕೊಟ್ರೆ ಒಬ್ಳೇ ಏನ್ಮಾಡ್ತೀಯ ಸಿಗ್ನೆ? ಮನೆ ಮಾರಿ ನಮ್ಮ ಪಕ್ಕದ ಫ್ಲಾಟಿಗೆ ಇಬ್ರೂ ಬಂದ್ಬಿಡಿ" ಎಂದು ನಿನ್ನ ಅಕ್ಕ ಥೆಲ್ಮಾ ಎರಡು ಸಲ ಕೇಳಿದ್ದಾಳಲ್ಲ, ಅವಳ ಮಾತೇ ನಿಜವಾಯಿತೇ ಅಂತ. ನೀನೂ ಅಲ್ಲಿ ಮಲಗಿಕೊಂಡು ಹೂಂ ಎನ್ನುವ ಹಾಗೆ ಕಾಣುತ್ತೀಯ.

ಅಷ್ಟರಲ್ಲಿ ಪಕ್ಕದ ಮನೆಯ ವೆಂಡೆಲ್ ಹಿಮ ತಳ್ಳುವುದನ್ನು ನಿಲ್ಲಿಸಿ ಬಂದು, "ನಾನು ನೋಡ್ಲಾ?" ಎಂದ. ನಮ್ಮಲ್ಲಿ ಮೊದಲನೇ ಸಲಕ್ಕೇ ಯಾರಾದರೂ ಒಪ್ಪುತ್ತಾರೆಯೇ? "ಬೇಡ ಬಿಡಪ್ಪ, ನಿನ್ ಕೆಲ್ಸ ನೋಡ್ಕೋ" ಎಂದೆ. "ನಿಜವಾಗ್ಲೂ ಬೇಡ್ವಾ?" ಎಂದ. "ಅಯ್ಯೋ, ಏನೂ ತೊಂದ್ರೆ ಇಲ್ಲ" ಎಂದೆ. ಮೂರನೇ ಸಲ ಕೇಳಿದ ಕೂಡಲೇ ಹೂಂ ಅನ್ನೋಣವೆಂದು ಕಾಯುತ್ತಿದ್ದೆ. ಮಹಾರಾಯ ಕೈ ಬೀಸಿ ಹೊರಟೇಹೋದ! ಅವನ ತಾಯಿ ಇದ್ದಿದ್ದರೆ ಕಿವಿ ಹಿಂಡುತ್ತಿದ್ದಳು.

ಸರಿ, ಒಳಗೆ ಹೋಗಿ ನಾನೇ ಕೈಹಾಕಿದೆ. ಮೇಲಿನಿಂದ ತೂಗುವ ಕೆಂಪು ಹಗ್ಗ ಎಳೆದು ಮೋಟಾರಿನಿಂದ ಬಾಗಿಲನ್ನು ಬಿಡಿಸಿ, ಕೈಯಲ್ಲೇ ಎತ್ತಿ ನೋಡಿದೆ. ಅಲ್ಲಾಡಲಿಲ್ಲ. ಅಂದಮೇಲೆ ಮೋಟಾರಿನ ತಪ್ಪಲ್ಲ. ಬಗ್ಗಿ ನೋಡಿದರೆ, ನಿನ್ನೆ ಕಾರಿನ ಮೇಲಿನ ಹಿಮ ಕರಗಿ ಹರಿದ ನೀರು ಬಾಗಿಲಿನ ಕೆಳಗಿನ ರಬ್ಬರು ಪಟ್ಟಿಯನ್ನು ನೆಲಕ್ಕೆ ಅಂಟಿಸಿ ಹೆಪ್ಪುಗಟ್ಟಿತ್ತು. ಬಿಸಿನೀರು ಸುರಿಯಲಿಲ್ಲ. ಹೋದ ವರ್ಷ ಮಹಾಶಯರಾದ ತಾವು ಹಾಗೆ ಮಾಡಿ ಮಂಜುಗಡ್ಡೆ ಎರಡರಷ್ಟು ಬೆಳೆಸಿದ್ದು ನೆನಪಿದೆ. ಕೂದಲು ಒಣಗಿಸುವ ಡ್ರೈಯರ್ ತಂದು, ಮಂಡಿಯೂರಿ, ಈ ಮೂಲೆಯಿಂದ ಆ ಮೂಲೆಗೆ ಬಿಸಿಗಾಳಿ ಹಿಡಿದೆ. ರಬ್ಬರು ಹರಿಯದಂತೆ ಅಡುಗೆಮನೆಯ ಪ್ಲಾಸ್ಟಿಕ್ ಸಟ್ಟುಗದಿಂದ ಬಿಡಿಸಿದೆ. ಬಾಗಿಲು ಜಾರುವ ಹಳಿಗೆ ನೀನು ಧಾರಾಳವಾಗಿ ಮೆತ್ತಿದ್ದ ಗ್ರೀಸು ಚಳಿಗೆ ಮೇಣವಾಗಿತ್ತು. ಅದನ್ನೂ ನಿನ್ನ ಹಳೇ ಬನಿಯನ್ನಿನಿಂದ ಒರೆಸಿ ತೆಗೆದೆ. ಮತ್ತೆ ಮೋಟಾರಿಗೆ ಸೇರಿಸಿ ಗುಂಡಿ ಒತ್ತಿದರೆ, ಬಾಗಿಲು ಸರಾಗವಾಗಿ ಮೇಲೆದ್ದಿತು. ನಾನೊಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ ಕಣೋ.

ಈ ಚಳಿಯಲ್ಲಿ ಕಾರು ಹೇಗೆ ತೆಗೆದೆ ಎಂದು ಚರ್ಚಿನಲ್ಲಿ ಕೇಳಿದರು. "ಏನೋ, ಬಂತು" ಎಂದೆ. ಅಲ್ಲಿ ಜಂಬ ಕೊಚ್ಚಿದರೆ ನಮ್ಮ ಜನ ಸಹಿಸುತ್ತಾರೆಯೇ? ನಿನ್ನೆದುರು ಕೊಚ್ಚದೆ ಇನ್ಯಾರೆದುರು ಕೊಚ್ಚಲಿ?

ದಪ್ಪ ಕಾಲುಚೀಲ ಹಾಕಿಕೋ. ದೇವರು ನಿನ್ನನ್ನು ಬೇಗ ನಡೆಸಲಿ.

ನಿನ್ನ
ಸಿಗ್ನೆ

ಮರೆತಿದ್ದೆ: ಥೆಲ್ಮಾ ಈಗಷ್ಟೇ ಫೋನು ಮಾಡಿ ಮೂರನೇ ಸಲ ಕೇಳಿದಳು. ಹುಟ್ಟಿದಾಗಿನಿಂದ ಮೂರನೇ ಸಲ ಕೇಳಿದವರಿಗೆ ಬೇಡ ಎಂದವಳಲ್ಲ ನಾನು. ಇವತ್ತು ಅವಳಿಗೆ ಬೇಡ ಎಂದುಬಿಟ್ಟೆ. ಇನ್ನು ನಿನ್ನನ್ನು ಕೇಳುತ್ತಾಳೆ. ಮೊದಲೆರಡು ಸಲ ಏನಾದರೂ ಹೇಳಿಕೋ. ಮೂರನೇ ಸಲ ಬೇಡ ಎನ್ನು.