ಎಲ್ಲರ ಬಾಯಿ ಕಾಣುವ ಕ್ಲಾಸು

ನವೆಂಬರ್ 3, ಮಂಗಳವಾರ

ಬೆಳಿಗ್ಗೆಯಿಂದ ಬರೀ ತಲೆಗೆ ಬಣ್ಣ ಹಚ್ಚೋ ಕೆಲಸ. ಸಲೂನ್ ಶಟರ್ ಎಳೆದು ಮನೆಗೆ ಬಂದ್ರೆ ಮಗಳು ನೊಯೆಮಿ ಇನ್ನೂ ಟ್ಯಾಬಿನ ಮುಂದೆ, ಆನ್‌ಲೈನ್ ಕ್ಲಾಸಲ್ಲಿ. ಪಾಸ್ತಾ ತಣ್ಣಗಾಯ್ತು ಕಣೇ ಅಂತ ಭುಜ ತಟ್ಟಿದೆ. ಕೂಗಿದ್ರೆ ಕೇಳಿಸಲ್ವಲ್ಲ, ಹುಟ್ಟಿದಾಗಿನಿಂದ. ಕಿವಿಗೆ ಮಿಷನ್ ಹಾಕಿದ್ರೂ ಬರೀ ಗದ್ದಲ. ತುಟಿ ನೋಡಿಯೇ ಮಾತು ಹಿಡೀತಾಳೆ.

ಜೂನ್‌ನಲ್ಲಿ ದೊಡ್ಡ ಪರೀಕ್ಷೆ. ಫೇಲಾದ್ರೆ ಗೆಳತಿಯರೆಲ್ಲ ಹೈಸ್ಕೂಲಿಗೆ, ಇವಳು ಅದೇ ಬೆಂಚಿಗೆ. ಈ ಸರ್ಕಾರದ ಪುಣ್ಯಾತ್ಮರೋ ಕೊರೋನಾ ಅಂತ ಶಾಲೆಗೆ ಬೀಗ ಹಾಕಿ ಕೂತಿದ್ದಾರೆ! ಬಾರ್ ತೆರೆದಿದೆ, ಲಾಟರಿ ಅಂಗಡಿ ತೆರೆದಿದೆ. ಮಕ್ಕಳಿಗೆ ಮಾತ್ರ ಬಾಗಿಲು ಬಂದ್. ಮೈಯೆಲ್ಲ ಉರಿಯುತ್ತೆ.

ನವೆಂಬರ್ 9

ಚೌಕದಲ್ಲಿ ಪ್ರತಿಭಟನೆ. ಸ್ಕೂಲ್ ಬ್ಯಾಗುಗಳನ್ನ ನೆಲದ ಮೇಲೆ ಸಾಲಾಗಿ ಇಟ್ವಿ. ಮೈಕ್ ಯಾರೂ ಹಿಡೀಲಿಲ್ಲ, ಕೊನೆಗೆ ನಾನೇ. “ಶಾಲೆ ತೆಗೀರಿ! ನಮ್ಮ ಮಕ್ಕಳಿಗೆ ಟೀಚರ್ ಬೇಕು, ಟ್ಯಾಬ್ ಬೇಡ!” ಗಂಟಲು ಕಟ್ಟಿದೆ.

ವಾಪಸ್ ಬಂದ್ರೆ ಮೆಟ್ಟಿಲ ಮೇಲೆ ನಾದಿನಿ ಒರ್ನೆಲ್ಲಾ. ಮೇಲಿನ ಮನೆ ಅವಳದು, ಮಾವನೂ ಅವಳ ಜೊತೆಗೇ. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿ ಮಾಡಿ ಮಾವನ ಶ್ವಾಸಕೋಶ ಅರ್ಧ ಹೋಗಿದೆ.

“ಅತ್ತಿಗೆ, ನಿನ್ನ ಮಗಳು ಶಾಲೆಯಿಂದ ರೋಗ ಹೊತ್ತು ತಂದ್ರೆ ನಮ್ಮಪ್ಪನ ಗತಿ?”

“ನೀನು ದಿನಾ ಮೀನು ಮಾರ್ಕೆಟ್ಟಿಗೆ ಹೋಗ್ತೀಯಲ್ಲ, ಅಲ್ಲಿ ರೋಗ ರಜೆ ಮೇಲಿದೆಯಾ?”

“ಅಪ್ಪನಿಗೆ ಏನಾದ್ರೂ ಆಯ್ತೋ, ನಿನ್ನ ಮುಖ ನೋಡಲ್ಲ.”

ಬಾಗಿಲು ಬಡಿದಳು. ಅವಳದ್ದೂ ತಪ್ಪಲ್ಲ. ಆದ್ರೆ ನನ್ನ ಮಗಳ ಪರೀಕ್ಷೆ ಅವಳು ಬರೀತಾಳಾ?

ನವೆಂಬರ್ 17

ಗೆದ್ದೆ! ಕಿವಿ ಕೇಳದ ಇವಳಂಥ ಮಕ್ಕಳು ಮಾತ್ರ ಶಾಲೆಗೆ ಬರಬಹುದಂತೆ. ಖಾಲಿ ಕ್ಲಾಸು, ಇವಳಿಗೇ ಅಂತ ಒಬ್ಬ ಟೀಚರ್. ಫಾಬಿಯಾನಾ, ಒಳ್ಳೇ ಹುಡುಗಿ. “ಮಾಸ್ಕ್ ತೆಗೆಯೋ ಹಾಗಿಲ್ಲ ಸಿಗ್ನೋರಾ, ಅವಳಿಗೆ ತೊಂದ್ರೆ ಆಗಲ್ವಾ?” ಅಂದ್ರು ಹೆಡ್‌ಮಿಸ್.

ನಕ್ಕುಬಿಟ್ಟೆ. “ಮೇಡಂ, ನಾವು ನೇಪಲ್ಸ್ ಕಡೆಯೋರು. ಬಾಯಿ ಹೊಲಿದ್ರೂ ಕೈ ಸುಮ್ಮನಿರುತ್ತಾ?” ಅವರೂ ನಕ್ಕರು. ನಿಜ ತಾನೇ? ಕೈಯಲ್ಲೇ ಬೈತೀವಿ, ಕೈಯಲ್ಲೇ ಚೌಕಾಸಿ, ಕೈಯಲ್ಲೇ ಮದುವೆ ಮಾತುಕತೆ.

ವಿಷಯ ಹೇಳಿದ ಕೂಡ್ಲೇ ನೊಯೆಮಿ ಟ್ಯಾಬ್ ಮುಚ್ಚಿಟ್ಟು ರೂಮಿಗೆ ಹೋದ್ಲು. ಖುಷಿಗೆ ಬ್ಯಾಗ್ ಜೋಡಿಸೋಕೆ ಹೋದ್ಲು ಅನ್ಕೊಂಡೆ.

ನವೆಂಬರ್ 26

ಶಾಲೆ ಹೇಗಿತ್ತೇ? ತಲೆ ಆಡಿಸ್ತಾಳೆ. ಅರ್ಥ ಆಯ್ತಾ? ತಲೆ ಆಡಿಸ್ತಾಳೆ. ಊಟ ಅರ್ಧಕ್ಕೇ ಬಿಡ್ತಾಳೆ. ಯಾರೂ ಇಲ್ಲದ ಕ್ಲಾಸಲ್ಲಿ ಕಾಡಿಸೋರಾದ್ರೂ ಯಾರು?... ಒರ್ನೆಲ್ಲಾ ಇವಳನ್ನ ಕಂಡ್ರೆ ಗೋಡೆಗೆ ಅಂಟಿಕೊಂಡು ದಾರಿ ಬಿಡ್ತಾಳೆ, ಪ್ಲೇಗ್ ಬಂದೋರಿಗೆ ಬಿಟ್ಟ ಹಾಗೆ. ಅದಕ್ಕಿರಬಹುದು.

ಡಿಸೆಂಬರ್ 2

ಕೊಡೆ ಮರೆತು ಹೋಗಿದ್ಲು. ಕೊಟ್ಟು ಬರೋಣ ಅಂತ ಹೋದೆ. ಕ್ಲಾಸಿನ ಬಾಗಿಲು ಸ್ವಲ್ಪ ತೆರೆದೇ ಇತ್ತು. ಅಷ್ಟೊಂದು ಬೆಂಚು, ನನ್ನ ಮಗಳು ಒಬ್ಬಳೇ. ಫಾಬಿಯಾನಾ ಮಾಸ್ಕಿನೊಳಗಿಂದ ಪಾಠ ಮಾಡ್ತಿದ್ಲು. ಕೈಯನ್ನ ಎಲೆ ಥರ ಮಾಡಿದ್ಲು, ಸೂರ್ಯನ ಥರ ಮಾಡಿದ್ಲು. ಪಾಪ, ಬೆವರಿದ್ಲು.

“ಗಿಡಕ್ಕೆ ಬೆಳಕು ಬೇಕಾ?” ನೊಯೆಮಿ ಹೌದು ಅಂತ ತಲೆ ಆಡಿಸಿದ್ಲು.

“ಬೇಡವಾ ಹಾಗಾದ್ರೆ?” ಅದಕ್ಕೂ ಹೌದು.

ಕೊಡೆ ಬಾಗಿಲ ಬಳಿಯೇ ಇಟ್ಟು ಬಂದುಬಿಟ್ಟೆ. ಹಸಿವು, ಕಳ್ಳ, ತೊಲಗಾಚೆ — ಇದನ್ನೆಲ್ಲ ಕೈ ಹೇಳುತ್ತೆ. ಪಾಠ ಹೇಳುತ್ತಾ? ಎಂಥ ದಡ್ಡಿ ನಾನು!

ಸಂಜೆ

“ಯಾಕೆ ಹೇಳ್ಲಿಲ್ವೇ?”

“ನೀನು ಕೇಳಿದ್ಯಾ ಮಮ್ಮಾ? ಮೈಕ್ ಹಿಡ್ಕೊಂಡು ನಿಂತೆ.”

ಕೆನ್ನೆಗೆ ಹೊಡೆದ ಹಾಗಾಯ್ತು.

“ಟ್ಯಾಬಲ್ಲಿ ಎಲ್ಲರ ಬಾಯಿ ಕಾಣ್ತಿತ್ತು. ಹಿಂದಿನ ಬೆಂಚಿನೋರದ್ದೂ. ಆ ಹಿಂದೆ ಕೂರೋ ಜಾಡಾ ಏನು ತರಲೆ ಮಾತಾಡ್ತಾಳೆ ಅಂತ ಇಷ್ಟು ವರ್ಷಕ್ಕೆ ಈಗ ಗೊತ್ತಾಯ್ತು. ಮೊದಲೆಲ್ಲ ಎಲ್ಲರೂ ನಕ್ಕ ಮೇಲೆ ನಾನೂ ನಗ್ತಿದ್ದೆ, ಸುಮ್ನೆ.”

ಅತ್ತಳು. ನಾನೂ ಅತ್ತೆ.

ಡಿಸೆಂಬರ್ 4

ಮತ್ತೆ ಟ್ಯಾಬಿಗೇ ಹಾಕಿ ಅಂತ ಕೇಳಿದೆ. ಹೆಡ್‌ಮಿಸ್ ನನ್ನನ್ನೇ ನೋಡಿದ್ರು, ಹುಚ್ಚು ಹಿಡೀತಾ ಅನ್ನೋ ಥರ. “ಈಗ ಆಗ್ಲಿ. ಆದ್ರೆ ಶಾಲೆ ಪೂರ್ತಿ ತೆರೆದ ಮೇಲೆ ಒಬ್ಬಳಿಗೋಸ್ಕರ ಆನ್‌ಲೈನ್ ನಡೆಸೋಕಾಗಲ್ಲ. ಎಲ್ಲರೂ ಕ್ಲಾಸಿಗೆ, ಎಲ್ಲರಿಗೂ ಮಾಸ್ಕ್.”

ತೆರೆಯೋದು ಬೇಡಪ್ಪಾ ದೇವರೇ ಅಂತ ಹರಕೆ ಹೊರಲಾ? ನಾನು?

ಜನವರಿ 14

ಗಣಿತದಲ್ಲಿ ಹತ್ತಕ್ಕೆ ಎಂಟು! ರೂಮಿನಿಂದ ನಗು ಕೇಳಿಸುತ್ತೆ. ಶಾಲೆಯೋರು ಬಾಯಿ ಕಾಣೋ ಪ್ಲಾಸ್ಟಿಕ್ ಮಾಸ್ಕ್ ತರಿಸಿದ್ದಾರೆ. ಹಾಕಿ ತೋರಿಸಿದ್ಲು ಫಾಬಿಯಾನಾ. ಎರಡು ಮಾತಾಡೋದ್ರೊಳಗೆ ಒಳಗೆಲ್ಲ ಆವಿ, ಬಾಯಿಯೇ ಮಾಯ.

ಶನಿವಾರ ಮತ್ತೆ ಪ್ರತಿಭಟನೆಯಂತೆ. ತಾಯಂದಿರ ಗ್ರೂಪಲ್ಲಿ ಒಂದೇ ಸಮ ಮೆಸೇಜು: “ಟಿಲ್ಡೆ, ಮೈಕ್ ನಿಂದೇ!” ಅವರ ಮಕ್ಕಳೂ ಸೊರಗ್ತಿವೆ. ಒಂದು ರೂಮಲ್ಲಿ ಮೂರು ಮಕ್ಕಳು, ಒಂದೇ ಫೋನು. ಬರಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಗಂಟಲು ನೋವು ಅಂತ ಬರೆದೆ. ಹೇಡಿ.

ಜನವರಿ 21, ಬೆಳಿಗ್ಗೆ

ಸಲೂನಿಗೆ ಹೊರಡೋದ್ರಲ್ಲಿದ್ದೆ. ಟ್ಯಾಬಿನಿಂದ ಹೆಡ್‌ಮಿಸ್ ದನಿ — ಸೋಮವಾರದಿಂದ ಎಲ್ಲರೂ ಶಾಲೆಗೆ! ಮಕ್ಕಳ ಕೇಕೆ, ಚಪ್ಪಾಳೆ, ಬಟ್ಟಲು ಬಡಿಯೋ ಸದ್ದು. ನನ್ನ ಫೋನೂ ಹುಚ್ಚೆದ್ದು ಕುಣೀತಿದೆ. “ಗೆದ್ವಿ! ಟಿಲ್ಡೆ, ಎಲ್ಲಾ ನಿನ್ನಿಂದಲೇ! ಕೆಳಗೆ ಬಾ!” ಮೇಲಿನಿಂದ ಒರ್ನೆಲ್ಲಾ ಕಿರುಚ್ತಿದ್ದಾಳೆ, “ತೃಪ್ತಿಯಾಯ್ತಾ ಅತ್ತಿಗೆ?”

ಏನು ಮಾಡೋದು ತೋಚದೆ ಈ ಡೈರಿ ತೆಗೆದು ಗೀಚ್ತಿದ್ದೇನೆ. ಸೋಮವಾರ ಮತ್ತೆ ಅದೇ ತಲೆ ಆಡಿಸೋದು. ಜೂನ್‌ವರೆಗೂ.

ನೊಯೆಮಿ ರೂಮಿನ ಬಾಗಿಲು ತೆಗೆದ್ಲು. ಹೆಡ್‌ಮಿಸ್ ಬಾಯಿಗೆ ಮಾಸ್ಕ್ ಇತ್ತೇನೋ, ಅಷ್ಟು ಜನ ಒಟ್ಟಿಗೆ ಕಿರುಚಿದ್ದಕ್ಕೆ ಯಾರ ತುಟಿಯೂ ಹಿಡಿದಿಲ್ಲ ಅನ್ಸುತ್ತೆ. ಮುಖದಲ್ಲಿ ಇನ್ನೂ ನಗು ಇದೆ.

“ಏನಂತೆ ಮಮ್ಮಾ? ಎಲ್ಲರೂ ಯಾಕೆ ಕುಣೀತಿದ್ದಾರೆ?”

ಹತ್ತಿರ ಬಂದ್ಲು. ನನ್ನ ಬಾಯನ್ನೇ ನೋಡ್ತಾ ನಿಂತಿದ್ದಾಳೆ. ನಾನು ಪೆನ್ನು ಕೆಳಗಿಟ್ಟು ಹೇಳಲೇಬೇಕು.