ತಟ್ಟೆಯೊಳಗಿನ ಕೂಗು

ತಾವರೆಕೆರೆ, ಶಿರಾ ತಾಲ್ಲೂಕು
3-11-2025, ಸೋಮವಾರ

ನನ್ನ ಮುದ್ದಿನ ತಮ್ಮ ಅಂಜಿನಮೂರ್ತಿಗೆ,

ನಿನ್ನ ಅಕ್ಕ ನಾಗಕ್ಕ ದೂರದಿಂದಲೇ ತಲೆ ಸವರಿ ಬರೆಯುವುದು. ನಾನು, ನಿನ್ನ ಭಾವ, ಕುರಿಗಳು, ಎಲ್ಲರೂ ಚೆನ್ನಾಗಿದ್ದೇವೆ. ಗೋವಾದಲ್ಲಿ ಹಾಡು ಕಟ್ಟಿ ಮಂದಿ ಕುಣಿಸುವ ಕೆಲಸದ ನಡುವೆಯೂ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಗಂಟಲ ಆಪರೇಷನ್ ಆಗಿ ದನಿ ಹೋದಾಗಿನಿಂದ ಫೋನು ನನಗೆ ಬರೀ ಕೇಳಿಸಿಕೊಳ್ಳುವ ಡಬ್ಬಿ. ನಿನ್ನ ಭಾವನ ಬಾಯಲ್ಲಿ ಹೇಳಿಸೋಣವೆಂದರೆ ಒಂದಕ್ಕೆ ಹತ್ತು ಸೇರಿಸುತ್ತಾರೆ. ಅದಕ್ಕೇ ಈ ಕಾಗದ.

ನಿನ್ನ ಹಾಡಿನ ಕರೀ ತಟ್ಟೆ, ಅದೇ ಗ್ರಾಮಫೋನ್ ತಟ್ಟೆ, ದೀಪಾವಳಿಗೆ ಮುಂಚೆಯೇ ಕೊರಿಯರಿನಲ್ಲಿ ಬಂತು. ಜೊತೆಗೆ ನೀನು ಫೋನಿಗೆ ಕಳಿಸಿದ ಮಾತನ್ನು ಕಿವಿಗೊತ್ತಿಕೊಂಡು ನಾನೊಬ್ಬಳೇ ಕೇಳಿದೆ: "ಅಕ್ಕಾ, ಇದಿನ್ನೂ ಮಾದರಿ ತಟ್ಟೆ. ಎರಡನೇ ಮಗ್ಗುಲಲ್ಲಿ ನೀನು ಕುರಿ ಕರೆಯೋ ಕೂಗು ಸೇರಿಸಿದ್ದೀನಿ. ಆ ವರ್ಷ ಹಬ್ಬಕ್ಕೆ ಬಂದಾಗ ಕುರಿ ರೊಪ್ಪದ ಬೇಲಿ ಹತ್ರ ನಿಂತು ರೆಕಾರ್ಡ್ ಮಾಡ್ಕೊಂಡಿದ್ನಲ್ಲ, ಅದೇ. ಬೇಡ ಅಂದ್ರೆ ತೆಗೆದುಬಿಡ್ತೀನಿ. ನೀನು ಹೇಳೋವರೆಗೂ ಅಚ್ಚಿಗೆ ಕಳ್ಸಲ್ಲ."

ನಿಜ ಹೇಳಲಾ? ಬೇಡ ಎಂದೇ ತೀರ್ಮಾನ ಮಾಡಿದ್ದೆ. ಹೋದ ದನಿ ಹೋಯಿತು, ಅದನ್ನು ಊರೂರಿನ ಮಂದಿಯ ನಡುವೆ ಕುಣಿಸುವುದೇಕೆ? ನಿನ್ನ ಭಾವನಿಗೂ ಕೂಗಿನ ವಿಷಯ ತಿಳಿಸಲಿಲ್ಲ. ತಟ್ಟೆಯನ್ನಷ್ಟೇ ತೋರಿಸಿದೆ. ಅವರು ಬಿಡುತ್ತಾರಾ? "ಭಾವಮೈದುನ ಹಾಡು ಕಳ್ಸವ್ನೆ, ಊರೋರು ಕೇಳ್ದಿದ್ರೆ ಹೆಂಗೆ?" ಎಂದು ನಿನ್ನೆ ಚನ್ನಮಲ್ಲಯ್ಯನನ್ನೇ ಕರೆತಂದರು. ಮೈಕ್ ಸೆಟ್ ಚನ್ನಮಲ್ಲಯ್ಯ ಗೊತ್ತಲ್ಲ, ನೀನು ಸ್ಕೂಲು ತಪ್ಪಿಸಿ ಯಾರ ಹಿಂದೆ ವೈರು ಹೊತ್ತುಕೊಂಡು ತಿರುಗುತ್ತಿದ್ದೆಯೋ ಅವನೇ. ತಟ್ಟೆ ಹಾಕುವ ಹಳೇ ಮಿಷನ್ನನ್ನು ಲಗೇಜ್ ಆಟೋದಲ್ಲಿ ತಂದ, ಹಾರನ್ನನ್ನು ನಮ್ಮ ಹೊಂಗೆ ಮರಕ್ಕೆ ಕಟ್ಟಿದ, ಪಂಚೆಯ ಅಂಚಿನಿಂದ ತಟ್ಟೆ ಒರೆಸಿ ಮೊದಲ ಮಗ್ಗುಲಿಗೆ ಮುಳ್ಳು ಇಟ್ಟ.

ಅಬ್ಬಬ್ಬಾ! ಮರದ ಮೇಲಿನ ಕಾಗೆಗಳೆಲ್ಲ ಎದ್ದವು.

"ಮಿಕ್ಸಿಗೆ ಒಣಕೊಬ್ಬರಿ ಹಾಕ್ದಂಗೈತಲ್ಲಯ್ಯ! ಇದಕ್ಕಾ ನಮ್ ಅಂಜಿನಿ ಮೂವತ್ತು ವರ್ಷ ತಲೆ ಬೆಳ್ಳಗೆ ಮಾಡ್ಕಂಡಿದ್ದು?" ಎಂದರು ನಿನ್ನ ಭಾವ.

"ಈಗಿನ ಕುಣಿತ ಇಂಗೇ ಕಣಯ್ಯ ಓಬಯ್ಯ. ನಿಂಗೇನ್ ಗೊತ್ತು, ಕುರಿ ಕಾಯೋನಿಗೆ!" ಎಂದ ಚನ್ನಮಲ್ಲಯ್ಯ.

ಪಕ್ಕದ ಮನೆ ಜಗದಾಂಬ ಪೊರಕೆ ಹಿಡಿದುಕೊಂಡೇ ನಾಲ್ಕು ಹೆಜ್ಜೆ ಕುಣಿದು, ಏದುಸಿರು ಬಿಡುತ್ತಾ ಕೂತಳು. "ಇದಕ್ಕೆ ಕುಣೀಬೇಕು ಅಂದ್ರೆ ಇನ್ನೆರಡು ಕಾಲು ಬೇಕು ಕಣಕ್ಕಾ!"

ನಾನು ಸೆರಗು ಬಾಯಿಗಿಟ್ಟು ನಕ್ಕೆ. ಸದ್ಯ, ಇಷ್ಟಕ್ಕೇ ನಿಲ್ಲಿಸಿದರೆ ಸಾಕು ಎಂದುಕೊಂಡೆ. ಆದರೆ ಚನ್ನಮಲ್ಲಯ್ಯ ಮಗ್ಗುಲು ತಿರುಗಿಸಲು ಬಗ್ಗಿದವನು ಹಣೆ ಚಚ್ಚಿಕೊಂಡ. "ಅಯ್ಯೋ ನನ್ ಕೈಗಿಷ್ಟು! ಮದ್ವೆ ಮನೇಲಿ ಸಣ್ಣ ತಟ್ಟೆ ಹಾಕಿ ಹಾಕಿ ಕೈ ತಾನಾಗೇ ನಿಮಿಷಕ್ಕೆ ನಲವತ್ತೈದು ಸುತ್ತಿನ ಓಟಕ್ಕೆ ಹೋಗ್ಬುಡ್ತದೆ. ಇದು ಮೂವತ್ಮೂರರ ಓಟದ್ದು ಕಣ್ರಪ್ಪ!"

ಓಟ ಸರಿಮಾಡಿ ಎರಡನೇ ಮಗ್ಗುಲು ಹಾಕಿದ. ಆಗ ಬಂತು ನೋಡು ನಿನ್ನ ತಾಳ. ಇಬ್ಬರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕಿದ ಹಾಗೆ ದುಂ, ದುಂ, ದುಂ, ಎಲ್ಲೂ ತಪ್ಪದೆ. ನಡುನಡುವೆ ಜರಡಿ ಆಡಿಸಿದ ಸದ್ದು. ಹೌಸು, ಟೆಕ್ನೋ ಎಂದು ನೀನು ಹೇಳುತ್ತಿದ್ದ ಕುಣಿತದ ಹಾಡು ಇದೇನಾ? ಇದಕ್ಕಾದರೆ ನಮಗಿರುವ ಎರಡೇ ಕಾಲು ಸಾಕು. ಜಗದಾಂಬ ಮತ್ತೆ ಎದ್ದಳು. ಚನ್ನಮಲ್ಲಯ್ಯನ ಭುಜವೂ ಕುಣಿಯಿತು. ಅಷ್ಟರಲ್ಲಿ ತಾಳ ನಿಂತು ಕೂಗು ಬಂತು:

"ಹುರ್ರೋ... ಬಾ ಬಾ ಬಾ ಬಾ..."

ರೊಪ್ಪದಲ್ಲಿ ಮೆಲುಕು ಹಾಕುತ್ತಿದ್ದ ಕೆಂಚಿ ತಲೆ ಎತ್ತಿದಳು. ನೆನಪಿದೆಯಲ್ಲ, ನಮ್ಮ ಮುದಿ ಕುರಿ? ಎದ್ದವಳೇ ಮುಳ್ಳುಬೇಲಿಯ ಸಂದು ತಳ್ಳಿಕೊಂಡು ಬಂದಳು. ಹಿಂದೆಯೇ ಇಡೀ ಮಂದೆ! ನನ್ನ ದನಿ ಕೇಳಿಯೇ ಇರದ ಮರಿಗಳೂ ಬಂದವು. ಒಂದು ಟಗರು ವೈರಿಗೆ ಕಾಲು ಸಿಕ್ಕಿಸಿಕೊಂಡಿತು, ಹಾರನ್ನು ಜೋತುಬಿತ್ತು, ಜಗದಾಂಬನ ಸೊಪ್ಪಿನ ಪುಟ್ಟಿ ಖಾಲಿಯಾಯಿತು. "ಲೇ ಓಬಯ್ಯ, ನಿನ್ ಕುರಿ ಹಿಡಿಯಲಾ, ನನ್ ಮಿಷನ್ನು!" ಎಂದು ಚನ್ನಮಲ್ಲಯ್ಯ ಬೊಬ್ಬೆ ಹಾಕಿದ. ಕೆಂಚಿ ಮಾತ್ರ ಜೋತುಬಿದ್ದ ಹಾರನ್ನಿನೊಳಗೆ ಮೂತಿ ಇಟ್ಟು ಮೂಸಿದಳು. ಅಲ್ಲಿ ನಾನಿಲ್ಲ. ತಿರುಗಿ ಬಂದು ನನ್ನ ಮಡಿಲಿಗೆ ತಲೆ ಹಾಕಿದಳು. ದನಿ ಹೋದ ಮೇಲೆ ನಾನು ರೊಪ್ಪದ ಕಡೆಗೇ ಹೋಗುತ್ತಿರಲಿಲ್ಲ ಕಣೋ. ನಿನ್ನೆ ನಾನೇ ಮುಂದೆ ನಡೆದು, ಅವುಗಳನ್ನು ಒಳಗೆ ಬಿಟ್ಟು ಬಂದೆ.

ಆದ್ದರಿಂದ ಕೂಗು ಇರಲಿ, ತೆಗೆಯಬೇಡ. ಒಂದು ತಪ್ಪು ಮಾತ್ರ ತಿದ್ದು. ಕೂಗು ಮುಗಿಯುತ್ತಲೇ ದುಂ ದುಂ ಶುರುಮಾಡಿದ್ದೀಯ. ಕುರಿ ಬರುವಷ್ಟು ಹೊತ್ತು ಸುಮ್ಮನೆ ಬಿಡು. ಕರೆದವಳು ಕಾಯಬೇಕಲ್ಲವೇ? ನಿನ್ನ ಮಂದಿಯೂ ಒಂದಿಷ್ಟು ಕಾಯಲಿ, ಆಮೇಲೆ ಇನ್ನೂ ಚೆನ್ನಾಗಿ ಕುಣಿಯುತ್ತಾರೆ. ತಟ್ಟೆಯ ಮೇಲೆ ನನ್ನ ಹೆಸರಿನ ಪಕ್ಕ ಕೆಂಚಿಯದನ್ನೂ ಹಾಕಿಸು.

ನಿನ್ನ ಕೈ ಯಾವತ್ತೂ ತಾಳ ತಪ್ಪದಿರಲಿ, ನಿನ್ನ ತಟ್ಟೆ ಊರೂರಲ್ಲಿ ಮೊಳಗಲಿ.

ನಿನ್ನ ಅಕ್ಕ,
ನಾಗಕ್ಕ

ಮಡಿಸುವ ಮುಂಚೆ: ಮೇಲೆ ಒಂದು ಮಾತು ಬಿಟ್ಟಿದ್ದೇನೆ. ಕೂಗು ಬಂದಾಗ, ಕೆಂಚಿ ತಲೆ ಎತ್ತುವುದಕ್ಕೂ ಮೊದಲು, ನಿನ್ನ ಭಾವ ನನ್ನ ಕಡೆ ತಿರುಗಿ, "ಎಷ್ಟು ಚೆಂದಾಗಿ ಕೂಗ್ತಾಳೆ, ಯಾರೇ ಅದು?" ಎಂದು ಕೇಳಿದರು. ಮದುವೆಯಾದಾಗಿನಿಂದ ಆ ಕೂಗಿಗೆ ಓಗೊಟ್ಟವರು. ನಾನೇ ಎನ್ನಲು ನನಗೆ ದನಿಯಿಲ್ಲ. ಕೆಂಚಿ ಬಂದು ಹೇಳಿದಳು. ಆಮೇಲೆ ಅವರು ನನ್ನ ಮುಖ ನೋಡಲಾರದೆ, ಬಹಳ ಹೊತ್ತು ಬೇಲಿಯ ಸಂದು ಮುಚ್ಚುತ್ತಾ ನಿಂತಿದ್ದರು. ಇವತ್ತು ಬೆಳಗ್ಗೆ ಮಿಷನ್ನು ಒಯ್ಯಲು ಬಂದ ಚನ್ನಮಲ್ಲಯ್ಯನ ಜೊತೆ ಬಾಗಿಲಲ್ಲೇ ಜಗಳಕ್ಕೆ ನಿಂತರು: "ಕೊಡಕಿಲ್ಲ, ಹೋಗಯ್ಯ. ಇನ್ನೊಂದ್ಸಲ ಮರ್ತ್ಬುಟ್ರೆ ಏನ್ ಮಾಡ್ಲಿ ನಾನು?"