ಆನ್ ಅಂದರೆ ಹತ್ತೋದು, ಆಪಾ

ಜುಬೇದಾ ಆಪಾ,

ನಾನು ಸುಧಾ. ಸೇಡಂನಿಂದ ಬಂದು ಶಹಾಬಾದದ ಶಾಲೆಯಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತವಳು. ನಿಮಗೆ ನನ್ನ ಪರಿಚಯ ಹೇಳಬೇಕಾಗಿಲ್ಲ. ಆದರೆ ಈ ಪತ್ರದಲ್ಲಿ ಒಂದು ಮಾತಿದೆ. ಅದನ್ನು ಓದಿದ ಮೇಲೆ, ಇದನ್ನು ಬರೆದವಳು ನಿಜವಾಗಿಯೂ ನಮ್ಮ ಸುಧಾನೇನಾ ಅಂತ ನಿಮಗೆ ಅನ್ನಿಸಬಹುದು. ಅದಕ್ಕೇ ಮೊದಲೇ ಹೆಸರು ಬರೆದುಬಿಟ್ಟೆ.

ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಬೇಕು ಅಂತ ಸುತ್ತೋಲೆ ಬಂದ ದಿನ ನೆನಪಿದೆಯಾ? ಹೆಡ್ ಮಾಸ್ತರು ಅದನ್ನು ಓದಿ ಮುಗಿಸಿದಾಗ ಎಲ್ಲರೂ ನಿಮ್ಮ ಕಡೆ ನೋಡಿದರು. ಒಂದನೇ ತರಗತಿ ನಿಮ್ಮದು. ಮನೆಯಲ್ಲಿ ದಖ್ಖನಿ ಮಾತಾಡಿ, ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವರು ನೀವು. ಒತ್ತಕ್ಷರ ಬರದ ಮಕ್ಕಳನ್ನೆಲ್ಲ ನಾವು ನಿಮ್ಮ ಹತ್ತಿರವೇ ಕಳಿಸುತ್ತಿದ್ದೆವು. ಇಂಗ್ಲಿಷನ್ನು ಮಾತ್ರ ಎಸ್ಸೆಸ್ಸೆಲ್ಸಿಯಲ್ಲಿ ಹೇಗೋ ದಾಟಿ ಬಂದಿದ್ದಿರಿ, ಆಮೇಲೆ ಮುಟ್ಟಿರಲಿಲ್ಲ. ಚಿತ್ತಾಪುರದ ಐದು ದಿನದ ತರಬೇತಿಯಲ್ಲಿ ನೋಟ್‌ಬುಕ್ಕಿನ ತುಂಬಾ ಕನ್ನಡ ಅಕ್ಷರದಲ್ಲೇ ಬರೆದುಕೊಂಡಿರಿ: ಇನ್, ಒಳಗೆ. ಅಂಡರ್, ಕೆಳಗೆ. ಆನ್, ಮೇಲೆ. ನನಗೆ ಆಗ ಇಪ್ಪತ್ತೈದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ಅನ್ನೋ ಸೊಕ್ಕು. ನಿಮ್ಮ ನೋಟ್‌ಬುಕ್ಕು ನೋಡಿ ಒಳಗೊಳಗೇ...

ಮೇಲಧಿಕಾರಿಗಳು ನಮ್ಮ ಶಾಲೆಗೆ ಬಂದದ್ದು ಅದಾಗಿ ಎರಡು ತಿಂಗಳಿಗೆ. ನಿಮ್ಮ ತರಗತಿಯ ಬಾಗಿಲಲ್ಲಿ ನಾನು ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ. ಅವರು ‘ಆನ್’ ಬಳಸಿ ವಾಕ್ಯ ಮಾಡಿಸಿ ಅಂದರು. ಪುಸ್ತಕ ಮೇಜಿನ ಮೇಲಿದೆ ಅನ್ನುವುದನ್ನು ನೀವು ಸರಿಯಾಗಿ ಬರೆದಿರಿ, ಮಕ್ಕಳೂ ಹೇಳಿದರು. ಇನ್ನೊಂದು ಅಂದರು. ನೀವು ಸುತ್ತ ನೋಡಿ, ಮೇಲೆ ನೋಡಿ, ಬೋರ್ಡಿನ ಮೇಲೆ ಬರೆದಿರಿ: ದಿ ಫ್ಯಾನ್ ಈಸ್ ಆನ್ ಮೈ ಹೆಡ್.

ನಾನು ನಕ್ಕೆ ಆಪಾ. ಮುಗುಳ್ನಗು ಅಲ್ಲ, ಶಬ್ದ ಮಾಡಿ ನಕ್ಕೆ. ನನ್ನನ್ನು ನೋಡಿ ಮಕ್ಕಳೂ ನಕ್ಕರು. ಯಾಕೆ ಅಂತ ಅವಕ್ಕೆ ಏನು ಗೊತ್ತು? ಅಧಿಕಾರಿ ತಲೆ ಕೆಳಗೆ ಹಾಕಿ ಏನೋ ಬರೆದುಕೊಂಡರು. ಡಸ್ಟರ್ ಅಲ್ಲೇ ಇತ್ತು, ಆದರೂ ನೀವು ಅಂಗೈಯಿಂದಲೇ ಆ ಸಾಲು ಒರೆಸಿದಿರಿ. ಕೈ ಎಲ್ಲ ಬಿಳಿ ಆಯಿತು.

ಈಗ ಆ ಮಾತು. ಅದೇ ದಿನ ಮಧ್ಯಾಹ್ನ ಹೆಡ್ ಮಾಸ್ತರು ನನ್ನನ್ನು ಕರೆದರು. ಸಿಬ್ಬಂದಿಯಲ್ಲಿ ಇಂಗ್ಲಿಷ್ ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಅಂತ ಮೇಲಿನವರು ಕೇಳಿದ್ದಾರೆ, ಸುಧಾ ಟೀಚರ್, ನಿಮಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದಲ್ಲ, ಯೋಚನೆ ಮಾಡಿ ನಾಳೆ ಬರೆದು ಕೊಡಿ ಅಂದರು. ನಾನು ನಾಳೆಯವರೆಗೆ ಕಾಯಲಿಲ್ಲ. ಅಲ್ಲೇ ನಿಂತು ಒಂದು ಹಾಳೆಯಲ್ಲಿ ಬರೆದೆ: ಶ್ರೀಮತಿ ಜುಬೇದಾ ಅವರಿಗೆ ಒಂದನೇ ತರಗತಿಯ ಇಂಗ್ಲಿಷ್ ಸಹ ನಿಭಾಯಿಸಲು ಆಗುವುದಿಲ್ಲ. ಕೆಳಗೆ ಸಹಿ ಮಾಡಿದೆ. ಅವರು ಅದನ್ನು ಫೈಲಿಗೆ ಹಾಕಿದರು. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಯಾಕೆ ಬರೆದೆ ಅಂತ ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಉತ್ತರ ಅಂಥ ದೊಡ್ಡದೇನಿಲ್ಲ. ನನಗೆ ಬರುತ್ತದೆ ಅಂತ ತೋರಿಸಬೇಕಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ನೀವು ನನ್ನ ಹತ್ತಿರ ಬಂದಿರಿ. ಜಗಳಕ್ಕೆ ಬಂದಿರಿ ಅಂದುಕೊಂಡೆ. ನೀವು ಮೆಲ್ಲಗೆ ಕೇಳಿದಿರಿ:

“ಸುಧಾ, ನಿನ್ನಿ ನೀ ಯಾಕ್ ನಕ್ಕಿ ಹೇಳು. ತಪ್ಪು ಎಲ್ಲಿ ಆಗ್ಯಾದ ನನಗ ತಿಳೀವಲ್ದು.”

ನಾನು ಹೇಳಿದೆ. ನಮ್ಮ ‘ಮ್ಯಾಲ’ ಮುಟ್ಟಿದರೂ ನಡೆಯುತ್ತದೆ, ಮುಟ್ಟದಿದ್ದರೂ ನಡೆಯುತ್ತದೆ. ಇಂಗ್ಲಿಷಿನ ಆನ್‌ಗೆ ಮುಟ್ಟಿರಬೇಕು. ಫ್ಯಾನ್ ಆನ್ ಮೈ ಹೆಡ್ ಅಂದರೆ ಫ್ಯಾನು ತಲೆ ಮೇಲೆ ಟೋಪಿಯ ಹಾಗೆ ಕೂತಿದೆ ಅಂತ ಅರ್ಥ. ನೀವು ಒಂದು ಗಳಿಗೆ ಯೋಚಿಸಿ, ನನಗಿಂತ ಜೋರಾಗಿ ನಕ್ಕಿರಿ. ಕಣ್ಣಲ್ಲಿ ನೀರು ಬರುವಷ್ಟು. “ಹಂಗಾದ್ರ ನೀ ನಕ್ಕಿದ್ದು ಬರೋಬ್ಬರಿ ಅದ,” ಅಂದಿರಿ. ಆಗಲೇ ಹೇಳಿಬಿಡಬೇಕಿತ್ತು. ಆದರೆ ನೀವು ದಿನಾ ಊಟ ಆದ ಮೇಲೆ ಅರ್ಧ ತಾಸು ಕಲಿಸು ಅಂದಿರಿ, ನಾನು ಹೂಂ ಅಂದೆ.

ಅಂಗಳದ ಬೇವಿನ ಮರದ ಕೆಳಗೆ ಹಾಸಿದ್ದ ಪರಸಿ ಕಲ್ಲಿನ ಮೇಲೆ ನಾವಿಬ್ಬರೂ ಕೂರುತ್ತಿದ್ದೆವು. ನೀವು ಕೇಳುತ್ತಿದ್ದ ಪ್ರಶ್ನೆಗಳನ್ನು ನನಗೆ ಯಾವ ಮಾಸ್ತರೂ ಕೇಳಿರಲಿಲ್ಲ. ಗೋಡೆಯ ನಕಾಶೆಗೆ ಆನ್ ಯಾಕೆ, ಅದು ಗೋಡೆಯ ಮೇಲೆ ಎಲ್ಲಿ ಕೂತಿದೆ? ಉಂಗುರ ನಮಗೆ ಬೆರಳೊಳಗೆ ಇರುತ್ತದೆ, ಅವರಿಗೆ ಬೆರಳ ಮೇಲೆ ಹೇಗೆ ಬಂತು? ಮುಟ್ಟಿದೆಯಲ್ಲ ಅದಕ್ಕೆ, ಅಂತ ಹೇಳಿ ಹೇಗೋ ಪಾರಾಗುತ್ತಿದ್ದೆ. ಒಂದು ದಿನ ಕೇಳಿದಿರಿ: “ಲೈಟ್ ಆನ್ ಮಾಡು ಅಂತೀವಲ್ಲ, ಅದು ಯಾವುದರ ಮ್ಯಾಲ?” ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ನಾನು ಹೇಳಿದ್ದು ಅದೇ ಮೊದಲಿರಬೇಕು.

ಮರುದಿನ ನೋಟ್‌ಬುಕ್ಕಿನಲ್ಲಿ ಒಂದು ಪುಟ ತುಂಬಿಸಿಕೊಂಡು ಬಂದಿರಿ. ಅಂಗಿಗಿ ಕೆಸರು ಹತ್ತೇದ. ಗ್ವಾಡಿಗಿ ಸುಣ್ಣ ಹತ್ತೇದ. ಲೈಟ್ ಹತ್ತೇದ. ಬಸ್ ಹತ್ತೀನಿ. ಓದ್ಲಿಕ್ಕ ಹತ್ತೀನಿ. ಪ್ರತಿ ಸಾಲಿನ ಮುಂದೆ ನನ್ನಿಂದ ಇಂಗ್ಲಿಷ್ ಬರೆಸಿದಿರಿ. ಬರೆಯುತ್ತ ಹೋದ ಹಾಗೆ ಎಲ್ಲದರಲ್ಲೂ ಆನ್ ಬಂತು. ಬಸ್ ಹತ್ತುವುದಕ್ಕೂ, ದೀಪ ಹತ್ತುವುದಕ್ಕೂ, ‘ರೀಡ್ ಆನ್’, ಓದುತ್ತಲೇ ಇರು, ಅನ್ನುವುದಕ್ಕೂ.

“ಆನ್ ಅಂದ್ರ ನಮ್ಮ ‘ಮ್ಯಾಲ’ ಅಲ್ಲ ಸುಧಾ,” ಅಂದಿರಿ. “ನಮ್ಮ ‘ಹತ್ತೋದು’ ಅದ. ಆ ತರಬೇತಿಯವರು ತಪ್ಪು ಬರಸ್ಯಾರ.”

ಹುಟ್ಟಿದಾಗಿನಿಂದ ಮಾಡಾಕತ್ತೀನಿ, ಹೋಗಾಕತ್ತೀನಿ ಅನ್ನುತ್ತಲೇ ಬೆಳೆದವಳು ನಾನು. ಅದರೊಳಗೆ ಒಂದು ‘ಹತ್ತು’ ಅಡಗಿ ಕೂತಿದೆ ಅಂತ ನನಗೆ ತೋರಿಸಿದವರು ನೀವು. ಎಲ್ಲವೂ ಹೀಗೆ ಕೂಡಿಬರಲಿಲ್ಲ, ನಿಜ. ಆನ್ ಮಂಡೇ ಅನ್ನುವುದಕ್ಕೆ ನೀವು ಎರಡು ದಿನ ತಲೆ ಕೆಡಿಸಿಕೊಂಡಿರಿ. ಸೋಮವಾರಕ್ಕೆ ಏನು ಹತ್ತಿದೆ? ಕೊನೆಗೆ, ಇದು ಕೂಡಲ್ಲ, ಇದನ್ನ ಬಾಯಿಪಾಠ ಮಾಡ್ತೀನಿ ಅಂತ ಬಿಟ್ಟುಕೊಟ್ಟಿರಿ. ಸೋತೆ ಅಂತ ಅಷ್ಟು ಹಗುರವಾಗಿ ಒಪ್ಪಿಕೊಳ್ಳುವವರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ನಿಯೋಜನೆಯ ಆದೇಶ ಬಂದ ದಿನ ಜಿಟಿಜಿಟಿ ಮಳೆ. ಇಲ್ಲಿಗೆ ಇಂಗ್ಲಿಷ್ ಬಲ್ಲವರು ಬೇಕು, ಆದ್ದರಿಂದ ನಿಮ್ಮನ್ನು ಚಿಂಚೋಳಿ ತಾಲೂಕಿನಲ್ಲಿ ಚಂದ್ರಂಪಳ್ಳಿ ಕೆರೆಯಾಚೆಯ ಒಂದು ಹಳ್ಳಿಗೆ ಕಳಿಸಿದ್ದಾರೆ. ನೀವು ಎರಡು ಸಲ ಓದಿ, ಮಡಚಿ ಬ್ಯಾಗಿಗೆ ಹಾಕಿಕೊಂಡಿರಿ. ಶಹಾಬಾದದಲ್ಲಿ ಮನೆ, ಕಲ್ಲಿನ ಪಾಲಿಶ್ ಯಾರ್ಡಿನಲ್ಲಿ ನಿಮ್ಮ ಯಜಮಾನರಾದ ಯೂನುಸ್ ಭಾಯಿಯ ಕೆಲಸ. ಅಲ್ಲಿಂದ ದಿನಾ ಹೋಗಿ ಬರುವ ದೂರವಲ್ಲ. “ಅಲ್ಲಿ ಒಂದನೇ ಕ್ಲಾಸಿಗಿ ಯಾರೂ ಇಲ್ಲಂತ,” ಅಂದಿರಿ. “ನೀ ಕಲಿಸಿದ್ದು ಅಲ್ಲಿ ಉಪಯೋಗ ಆಗ್ತದ ಬಿಡು.”

ನನ್ನ ಚೀಟಿ ಬರೆದ ದಿನ ನಿಜವಿತ್ತೇನೋ. ಆದರೆ ಆದೇಶ ಬಂದ ದಿನದ ಹೊತ್ತಿಗೆ ಅದು ಸುಳ್ಳಾಗಿತ್ತು, ಮತ್ತು ಅದು ನನಗೊಬ್ಬಳಿಗೇ ಗೊತ್ತಿತ್ತು. ಹೆಡ್ ಮಾಸ್ತರ ಕೋಣೆ ಹತ್ತು ಹೆಜ್ಜೆ ದೂರ. ಹೋಗಿ, ಅದನ್ನು ತೆಗೆದುಬಿಡಿ ಅನ್ನಬಹುದಿತ್ತು. ನಾನು ಹೋಗಲಿಲ್ಲ. ನಿಮಗೆ ಕೊಡೆ ಹಿಡಿದು ಗೇಟಿನ ತನಕ ಬಂದು, ಹೋಗಿ ಬರ್ರಿ ಆಪಾ ಅಂದೆ. ಕಳಿಸಿದ್ದು ಯಾರು ಅಂತ ನೀವು ಒಂದು ಸಲವೂ ಕೇಳಲಿಲ್ಲ. ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ ಆ ಕೊಡೆಯ ಕೆಳಗೆ...

ಎರಡು ವರ್ಷ ಚಿಂಚೋಳಿಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು ಇದ್ದಿರಿ. ಶನಿವಾರ ಶಹಾಬಾದಕ್ಕೆ ಬಂದು ಭಾನುವಾರ ಸಂಜೆ ಮತ್ತೆ ಬಸ್ಸು. ನಡುನಡುವೆ ಫೋನ್ ಮಾಡಿ ಒಂದೊಂದು ಶಬ್ದ ಕೇಳುತ್ತಿದ್ದಿರಿ. ಆಮೇಲೆ ಫೋನು ಕಡಿಮೆಯಾಯಿತು. ಕಲಬುರಗಿಯ ದವಾಖಾನೆಯಿಂದ ಕೊನೆಯ ಸಲ ಮಾತಾಡಿದಾಗ ದನಿ ಸಣ್ಣಗಾಗಿತ್ತು. ರಜೆಯ ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ಬರೆದೆ ಅಂದಿರಿ. “ಆನ್ ಲೀವ್. ರಜಾದ ಮ್ಯಾಲ. ಇದೊಂದು ಸೀದಾ ಬಂತು ನೋಡು.” ಅದಾಗಿ ಒಂಬತ್ತು ದಿನಕ್ಕೆ ಯೂನುಸ್ ಭಾಯಿಯ ಫೋನು ಬಂತು.

ನಿಮ್ಮನ್ನು ಮಣ್ಣು ಮಾಡಿದ ದಿನ ನಿಮ್ಮ ಮನೆಯಲ್ಲಿ ಹೆಂಗಸರ ನಡುವೆ ಕೂತಿದ್ದೆ. ಆ ಹಳ್ಳಿಯಿಂದ ಜೀಪಿನಲ್ಲಿ ಜನ ಬಂದಿದ್ದರು. ಅಲ್ಲಿಯ ಟೀಚರೊಬ್ಬಳು, ನನ್ನ ವಯಸ್ಸಿನವಳು, ನನ್ನ ಪಕ್ಕ ಕೂತು ಹೇಳಿದಳು. ನಿಮ್ಮ ತರಗತಿಯಲ್ಲಿ ಮಗು ತಪ್ಪು ಹೇಳಿದರೆ ಯಾರೂ ನಗುತ್ತಿರಲಿಲ್ಲವಂತೆ. ಎಬಿಸಿಡಿಗೂ ಮೊದಲು ನೀವು ಕಲಿಸಿದ್ದು ಅದನ್ನಂತೆ. ಯಾಕೆ ಅಂತ ಅವಳಿಗೆ ಗೊತ್ತಿರಲಿಲ್ಲ. ನಾನು ಎದ್ದು ಹೊರಗೆ ಹೋದೆ.

ನಲವತ್ತು ದಿನ ಕಳೆದ ಮೇಲೆ ಯಾರ್ಡಿಗೆ ಹೋಗಿ ಯೂನುಸ್ ಭಾಯಿಗೆ ಎಲ್ಲ ಹೇಳಿದೆ. ಅವರು ಮಷೀನು ಬಂದ್ ಮಾಡಿ, ಕಲ್ಲಿನ ಕೆಸರು ತೊಳೆದುಕೊಂಡು, ಪೂರ್ತಿ ಕೇಳಿದರು. ಬೈಯಲಿಲ್ಲ.

“ಇದು ಆಕಿಗಿ ಹೇಳಬೇಕಿತ್ತು ಟೀಚರ್,” ಅಂದರು. “ನನಗ ಹೇಳಿ ಏನ್ ಬಂತು?”

ಅದಕ್ಕೇ ನಿಮಗೆ ಬರೆದೆ. ತಡವಾಗಿ, ಆದರೆ ನಿಮಗೇ.

ಇನ್ನು ನಿಮಗೆ ಗೊತ್ತಿಲ್ಲದ ಎರಡು ಸುದ್ದಿ. ಹೆಡ್ ಮಾಸ್ತರಿಗೆ ಹೋದ ವಾರ ಇನ್ನೊಂದು ಚೀಟಿ ಕೊಟ್ಟೆ. ಜುಬೇದಾ ಆಪಾ ಇಂಗ್ಲಿಷನ್ನು ನನಗಿಂತ ಚೆನ್ನಾಗಿ ಕಲಿಸುತ್ತಿದ್ದರು, ನನ್ನ ಮೊದಲಿನ ಚೀಟಿ ತಪ್ಪು ಅಂತ. ಈಗ ಇದರಿಂದ ಏನು ಪ್ರಯೋಜನ ಅಂದರು. ಪ್ರಯೋಜನಕ್ಕಲ್ಲ ಸರ್, ಅದರ ಜೊತೆಗೇ ಫೈಲಿನಲ್ಲಿ ಇಡಿ ಅಂದೆ. ಇಟ್ಟರು. ಎರಡನೆಯದು, ನಿಮ್ಮ ಜಾಗಕ್ಕೆ ಯಾರೂ ಹೋಗಲು ಒಪ್ಪಿರಲಿಲ್ಲ. ನಾನು ಕೇಳಿಕೊಂಡೆ, ಆದೇಶ ಬಂದಿದೆ. ನಾಳಿದ್ದು ಹೋಗಿ ಹಾಜರಾಗುತ್ತೇನೆ.

ಯೂನುಸ್ ಭಾಯಿಗೆ ಇದನ್ನು ತಿಳಿಸಿದಾಗ, ಚಿಂಚೋಳಿಯಿಂದ ಎಂಟರ ಬಸ್ಸು ತಪ್ಪಿಸಬ್ಯಾಡ್ರಿ, ಅದು ಹೋದ್ರ ಮಧ್ಯಾಹ್ನದ ತನಕ ಏನೂ ಇಲ್ಲ ಅಂದರು. ನಾನು ಹೊರಟು ಯಾರ್ಡಿನ ಬಾಗಿಲು ದಾಟುವಾಗ ಹಿಂದಿನಿಂದ ಕರೆದರು.

“ಆಕಿ ಖೋಲಿ ಇನ್ನೂ ಖಾಲಿ ಅದ. ಮಾಲಕರಿಗಿ ಹೇಳಿ ಇಡ್ತೀನಿ.”

ನಿಮ್ಮ ಸುಧಾ